ಅಪ್ಪನ ರೈಲು ಮತ್ತು ಅಲಾಸ್ಕಾದ ಗಾಳಿ

ಬೆಳಗ್ಗೆ ಏಳು ಗಂಟೆಗೆ ಹಡಗಿನ ಸ್ಪೀಕರ್ ಕರಕರ ಅಂದಿತು. ಅಪ್ಪ ಆಗಲೇ ಸ್ವೆಟರ್, ಮಂಕಿ ಕ್ಯಾಪ್, ಶೂ ಎಲ್ಲ ಹಾಕಿಕೊಂಡು ಮಂಚದ ಅಂಚಿನಲ್ಲಿ ಕೂತಿದ್ದರು. ಎಂಟೂವರೆಗೆ ರೈಲು. ಕ್ಯಾಪ್ಟನ್ ಹೇಳಿದ್ದು ಇಷ್ಟೇ: ಅಲಾಸ್ಕಾದ ಸ್ಕ್ಯಾಗ್ವೇ ಊರಿನಲ್ಲಿ ಗಾಳಿ ಜೋರಾಗಿದೆ, ಎರಡು ಸಲ ನೋಡಿದೆವು, ಹಡಗನ್ನು ಕಟ್ಟೆಗೆ ತರುವುದು ಕ್ಷೇಮವಲ್ಲ, ಇವತ್ತು ನೀರಿನಲ್ಲೇ ಇರುತ್ತೇವೆ. ಅಪ್ಪನಿಗೆ ಇಂಗ್ಲಿಷ್ ಚೆನ್ನಾಗಿಯೇ ಗೊತ್ತು. ಆದರೂ ನನ್ನ ಮುಖ ನೋಡಿದರು. ‘ಕ್ಯಾನ್ಸಲ್ಲಾ?’ ಅಂದರು.

ಅಪ್ಪ ಸಕಲೇಶಪುರದ ಕಡೆ ಸ್ಟೇಷನ್ ಮಾಸ್ಟರ್ ಆಗಿದ್ದವರು. ಈ ಪ್ರವಾಸಕ್ಕೆ ಅವರು ಒಪ್ಪಿದ್ದೇ ಸ್ಕ್ಯಾಗ್ವೇಯ ವೈಟ್ ಪಾಸ್ ರೈಲಿಗಾಗಿ. 1898ರಲ್ಲಿ ಶುರುವಾಗಿ 1900ರಲ್ಲಿ ಮುಗಿದ ಮಾರ್ಗ ಅದು. ಹಳಿಯ ಅಗಲ ಮೂರೇ ಅಡಿ. ಸುಮಾರು 20 ಮೈಲಿಯಲ್ಲಿ 2,800 ಅಡಿಗೂ ಜಾಸ್ತಿ ಏರುತ್ತದೆ. ನಮ್ಮ ಸುಬ್ರಹ್ಮಣ್ಯ ಘಾಟಿಯಲ್ಲಿ ಏರು ಐವತ್ತಕ್ಕೆ ಒಂದು, ಅಂದರೆ ಐವತ್ತು ಅಡಿ ಹೋದರೆ ಒಂದಡಿ ಮೇಲೆ, ಅದಕ್ಕೇ ಹಿಂದಿನಿಂದ ಬ್ಯಾಂಕರ್ ಎಂಜಿನ್ ಹಾಕಿ ತಳ್ಳಬೇಕು. ಅಲ್ಲಿ ಕೆಲವು ಕಡೆ ಸರಿಸುಮಾರು ಇಪ್ಪತ್ತಾರಕ್ಕೆ ಒಂದು. ‘ಅದ್ಹೆಂಗೆ ಹತ್ತಿಸ್ತಾರೋ ನೋಡ್ಬೇಕು ಕಣೋ’ ಅಂತ ಹಾಸನದಿಂದ ಸಿಯಾಟಲ್‌ವರೆಗೂ ಹೇಳುತ್ತಲೇ ಬಂದಿದ್ದರು.

ಇದು 2025ರ ಆಗಸ್ಟ್ ಕೊನೆಯ ಮಾತು. ನಾವು ಸಿಯಾಟಲ್ ಪಕ್ಕದ ಬಾತೆಲ್‌ನಲ್ಲಿದ್ದೇವೆ. ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಮರಳುವ ಏಳು ದಿನದ ಹಡಗು. ಟಿಕೆಟ್ ತೆಗೆದಿದ್ದು ಜನವರಿಯಲ್ಲಿ. ಮೊದಲ ಬದಲಾವಣೆ ಹೊರಡುವ ಮುಂಚೆಯೇ ಬಂತು. ಆಗಸ್ಟ್ 10ರ ಬೆಳಗಿನ ಜಾವ ಟ್ರೇಸಿ ಆರ್ಮ್ ಎಂಬ ಕಡಲತೋಳಿನಲ್ಲಿ ಗುಡ್ಡ ಕುಸಿದು ಸುನಾಮಿ ಎದ್ದಿತ್ತು. ನಾವು ಹಿಮನದಿ ನೋಡಬೇಕಿದ್ದದ್ದು ಅಲ್ಲೇ. ಅದರ ಬದಲು ಪಕ್ಕದ ಎಂಡಿಕಟ್ ಆರ್ಮ್‌ಗೆ ಹೋಗುತ್ತೇವೆ ಎಂದು ಇಮೇಲ್ ಬಂತು. ನನಗೇನೂ ಅನ್ನಿಸಲಿಲ್ಲ. ಹಿಮ ಅಂದಮೇಲೆ ಹಿಮ, ಅಲ್ವಾ?

ಎರಡನೇ ಬದಲಾವಣೆಯೇ ಈ ಸ್ಕ್ಯಾಗ್ವೇ. ಊರು ಲಿನ್ ಕೆನಾಲ್ ಎಂಬ ಉದ್ದನೆಯ ಕಡಲತೋಳಿನ ತುದಿಯಲ್ಲಿದೆ. ಎರಡೂ ಕಡೆ ಬೆಟ್ಟ, ನಡುವೆ ಗಾಳಿ ಕೊಳವೆಯಲ್ಲಿ ನುಗ್ಗಿದ ಹಾಗೆ ನುಗ್ಗುತ್ತದೆ. ಹಡಗಿನ ಮೈ ಹತ್ತು ಹನ್ನೆರಡು ಮಹಡಿ ಕಟ್ಟಡದಷ್ಟು ಎತ್ತರ. ಗಾಳಿಗೆ ಅದೇ ಒಂದು ದೊಡ್ಡ ಹಾಯಿ.

ಒಂದು ಊರು ತಪ್ಪಿದರೆ ಇನ್ನೊಂದು ಊರಿಗೆ ಹೋಗಬಹುದಲ್ಲ ಎಂದು ನಾನೂ ಅಂದುಕೊಂಡಿದ್ದೆ. ಊಟದ ಸಾಲಿನಲ್ಲಿ ಎಲ್ಲರೂ ಅದನ್ನೇ ಕೇಳುತ್ತಿದ್ದರು. ಆಗಲ್ಲ. ಕಟ್ಟೆಯ ಜಾಗ ಬಹಳ ಮುಂಚೆಯೇ ಹಂಚಿ ಹೋಗಿರುತ್ತದೆ. ಹಿಂದಿನ ದಿನ ನಾವಿದ್ದ ಜೂನೋದಲ್ಲಿ 2024ರಿಂದ ದಿನಕ್ಕೆ ಐದೇ ದೊಡ್ಡ ಹಡಗು ಎಂಬ ಒಪ್ಪಂದ ಇದೆ. ನಾವು ತಿರುಗಿ ಬಂದರೂ ನಿಲ್ಲಲು ಜಾಗ ಎಲ್ಲಿ? ಹಾಗಾಗಿ ಊರು ತಪ್ಪಿತು ಅಂದರೆ ಇಡೀ ದಿನ ಹಡಗಿನ ಹೊಟ್ಟೆಯೊಳಗೇ. ಎಲ್ಲರೂ ಒಳಗೇ ಉಳಿದಾಗ ಲಿಫ್ಟ್‌ಗೆ ಹತ್ತು ನಿಮಿಷ, ಕಾಫಿಗೆ ಇಪ್ಪತ್ತು. ಅಮ್ಮ ಚೀಲದಿಂದ ಅವಲಕ್ಕಿ, ಚಟ್ನಿಪುಡಿ ತೆಗೆದು ಕೋಣೆಯಲ್ಲೇ ತಿಂಡಿ ಮುಗಿಸಿದರು. ಆ ದಿನ ಹಡಗಿನಲ್ಲಿ ಅವರಷ್ಟು ನೆಮ್ಮದಿಯಾಗಿ ಇನ್ಯಾರೂ ಇರಲಿಲ್ಲ.

ಕೆಳಗೆ ವಿಚಾರಣೆ ಕೌಂಟರ್ ಮುಂದೆ ಸಾಲು ಹನುಮಂತನ ಬಾಲ. ನಾನು ನಿಲ್ಲಲಿಲ್ಲ. ರೈಲಿನ ಟಿಕೆಟ್ ಹಡಗಿನವರ ಮೂಲಕವೇ ತೆಗೆದಿದ್ದೆ. ತಲೆಗೆ ಸ್ವಲ್ಪ ಜಾಸ್ತಿ ಆಗಿತ್ತು, ಆದರೆ ಸಂಜೆಯೊಳಗೆ ಪೂರ್ತಿ ದುಡ್ಡು ತಾನಾಗಿಯೇ ನಮ್ಮ ಲೆಕ್ಕಕ್ಕೆ ಬಂತು. ಇದರ ಜೊತೆ ಸಿಕ್ಕಿದ್ದು ಆ ಬಂದರಿನ ತೆರಿಗೆ ಮಾತ್ರ, ಅದು ಒಂದು ಹೊತ್ತಿನ ಊಟದ ದುಡ್ಡೂ ಅಲ್ಲ. ಪಕ್ಕದ ಕೋಣೆಯವರು ‘ಒಂದು ದಿನ ಹೋಯ್ತು, ಏಳರಲ್ಲಿ ಒಂದು ಭಾಗ ವಾಪಸ್ ಕೊಡಿ’ ಎಂದು ವಾದಿಸಿ ಬಂದರು. ಟಿಕೆಟ್ ಒಪ್ಪಂದದಲ್ಲಿ ಊರು ಬಿಡುವ, ಬದಲಿಸುವ ಹಕ್ಕು ಹಡಗಿನವರದ್ದು ಎಂದು ಬರೆದೇ ಇರುತ್ತದೆ. ನಾನೂ ಅದನ್ನು ಓದಿದ್ದು ಆ ಮಧ್ಯಾಹ್ನವೇ, ಸುಳ್ಳೇಕೆ ಹೇಳಲಿ.

ಮಧ್ಯಾಹ್ನ ಡೆಕ್ ಮೇಲೆ ಅಪ್ಪನ ಪಕ್ಕ ಕೂತು ಸಮಾಧಾನ ಹೇಳಲು ಹೋದೆ. ಅವರು ಬೇರೆಯದೇ ಲೆಕ್ಕ ಹಾಕುತ್ತಿದ್ದರು. ‘ಆ ಊರಲ್ಲಿ ಎಷ್ಟು ಜನ ಇದಾರೆ?’ ಅಂದರು. ಸಾವಿರದ ಚಿಲ್ಲರೆ ಅಂದೆ. ‘ಈ ಹಡಗಲ್ಲಿ?’ ಮೂರು ಸಾವಿರದ ಹತ್ತಿರ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಘಾಟೀಲಿ ಗುಡ್ಡ ಕುಸಿದು ಗಾಡಿ ನಿಂತಾಗ ಪ್ಯಾಸೆಂಜರ್ ಬೈಕೊಂಡು ಬಸ್ಸಿಗೆ ಹೋಗ್ತಿದ್ರು. ಪ್ಲಾಟ್‌ಫಾರಮ್ಮಲ್ಲಿ ವಡೆ ಮಾರೋನು ಬುಟ್ಟಿ ಇಟ್ಕೊಂಡು ಅಲ್ಲೇ ಕೂತಿರ್ತಿದ್ದ’ ಅಂದರು. 2024ರ ಜುಲೈನಲ್ಲಿ ಯಡಕುಮರಿ ಹತ್ತಿರ ಕುಸಿದಾಗಲೂ ಹೀಗೇ ದಿನಗಟ್ಟಲೆ ಗಾಡಿ ನಿಂತಿದ್ದವು. ಸ್ಕ್ಯಾಗ್ವೇಯವರಿಗೆ ವರ್ಷದ ದುಡಿಮೆಯೆಲ್ಲ ಬೇಸಿಗೆಯ ಆ ಕೆಲವು ತಿಂಗಳಲ್ಲೇ ಆಗಬೇಕು. ನಾನು ನಮ್ಮ ರೀಫಂಡ್ ಬಿಟ್ಟು ಇನ್ನೇನೂ ಯೋಚಿಸಿರಲಿಲ್ಲ.

ಮರುದಿನ ಎಂಡಿಕಟ್ ಆರ್ಮ್‌ನಲ್ಲಿ ಡಾಸ್ ಹಿಮನದಿ ಕಂಡಿತು. ತೇಲುವ ಮಂಜುಗಡ್ಡೆ ಜಾಸ್ತಿ ಇದ್ದುದರಿಂದ ದೂರದಲ್ಲೇ ನಿಂತು ತಿರುಗಿದೆವು. ನೀಲಿ ಬಣ್ಣ ಮಾತ್ರ ಮರೆಯುವಂಥದ್ದಲ್ಲ.

ನನ್ನ ಜೇಬಿಗೆ ಕತ್ತರಿ ಬಿದ್ದಿದ್ದು ಮೂರನೇ ಬದಲಾವಣೆಯಲ್ಲಿ. ಕೆಚಿಕನ್‌ನಲ್ಲಿ ಬೆಳಗ್ಗೆ ಏಳರಿಂದ ಮಧ್ಯಾಹ್ನ ಒಂದರವರೆಗೆ ನಿಲ್ಲಬೇಕಿತ್ತು. ಮುಂದೆ ಎದುರುಗಾಳಿ ಇದೆ, ಹತ್ತೂವರೆಗೇ ಹೊರಡುತ್ತೇವೆ ಎಂದು ಹಿಂದಿನ ರಾತ್ರಿ ಹೇಳಿದರು. ಅಲ್ಲಿನ ಮೂಲನಿವಾಸಿಗಳು ಮರದಲ್ಲಿ ಕೆತ್ತುವ ಟೋಟೆಮ್ ಕಂಬಗಳನ್ನು ನೋಡಲು ಊರಿನವರದೇ ಒಂದು ವ್ಯಾನ್ ಗೊತ್ತು ಮಾಡಿದ್ದೆ, ಹತ್ತು ಗಂಟೆಗೆ. ಹಡಗಿನವರ ದರಕ್ಕಿಂತ ಕಡಿಮೆ ಅಂತ. ‘ಹಡಗು ಬರದಿದ್ದರೆ ಪೂರ್ತಿ ವಾಪಸ್’ ಎಂದು ಅವರ ಷರತ್ತಿನಲ್ಲಿತ್ತು, ಅದನ್ನು ಓದಿ ಧೈರ್ಯವಾಗಿದ್ದೆ. ಆದರೆ ಹಡಗು ಬಂದಿತ್ತಲ್ಲ! ಬಂದು ಬೇಗ ಹೊರಟಿತು, ಅಷ್ಟೇ. ಅದರ ಬಗ್ಗೆ ಷರತ್ತಿನಲ್ಲಿ ಒಂದಕ್ಷರ ಇಲ್ಲ. ಹಡಗಿನ ವೈಫೈಯಲ್ಲಿ ಆರು ಮೆಸೇಜ್ ಹೋಗಿ ಬಂದ ಮೇಲೆ ಅರ್ಧ ದುಡ್ಡಿಗೆ ಒಪ್ಪಂದವಾಯಿತು. ಈಗ ಹೊರಗಿನವರ ಹತ್ತಿರ ಏನೇ ಬುಕ್ ಮಾಡಿದರೂ ‘ಹಡಗು ತಡವಾಗಿ ಬಂದರೆ, ಬೇಗ ಹೊರಟರೆ ಏನು?’ ಎಂದು ಬರಹದಲ್ಲಿ ಕೇಳಿಕೊಳ್ಳುತ್ತೇನೆ. ಟೈಮೂ ಹಡಗು ನಿಂತ ಎರಡನೇ ಗಂಟೆಯೊಳಗೇ ಇಟ್ಟುಕೊಳ್ಳುತ್ತೇನೆ.

ಕೆಚಿಕನ್‌ನಲ್ಲಿ ಮಳೆ ಹಿಡಿದಿತ್ತು. ವರ್ಷಕ್ಕೆ 150 ಇಂಚಿನ ಹತ್ತಿರ ಬೀಳುತ್ತದಂತೆ. ‘ಆಗುಂಬೆಯ ಅರ್ಧ’ ಅಂದರು ಅಮ್ಮ, ಕೊಡೆ ಬಿಚ್ಚುತ್ತಾ. ಕಟ್ಟೆಯ ಹತ್ತಿರವೇ ಒಂದು ಸುತ್ತು ಹಾಕಿ ಬಂದೆವು.

ಕೆಚಿಕನ್ ಕತ್ತರಿಸಿ ಕೊನೆಯ ನಿಲ್ದಾಣ ವಿಕ್ಟೋರಿಯಾ ಯಾಕೆ ಉಳಿಸಿದರು ಎಂದು ಸಿಟ್ಟು ಬಂದಿತ್ತು. ವಿಕ್ಟೋರಿಯಾ ಕೆನಡಾದ್ದು, ಅಲ್ಲಿ ನಿಲ್ಲುವುದೇ ಸಂಜೆ ಹೊತ್ತು ನಾಲ್ಕು ತಾಸು. ಕಾರಣ 1886ರ ಒಂದು ಅಮೆರಿಕನ್ ಕಾನೂನು. ಬೇರೆ ದೇಶದಲ್ಲಿ ನೋಂದಣಿಯಾದ ಹಡಗು ಅಮೆರಿಕದ ಬಂದರಿನಲ್ಲಿ ಜನರನ್ನು ಹತ್ತಿಸಿಕೊಂಡು ಅಮೆರಿಕದಲ್ಲೇ ಸುತ್ತಿ ಇಳಿಸುವ ಹಾಗಿಲ್ಲ, ನಡುವೆ ಒಂದು ಪರದೇಶದ ಬಂದರು ಮುಟ್ಟಲೇಬೇಕು. ದೊಡ್ಡ ಕ್ರೂಸ್ ಹಡಗುಗಳೆಲ್ಲ ಹೆಚ್ಚುಕಡಿಮೆ ಹೊರದೇಶದ ಬಾವುಟದವೇ. 2021ರಲ್ಲಿ ಕೋವಿಡ್‌ನಿಂದ ಕೆನಡಾ ಬಂದರು ಮುಚ್ಚಿದಾಗ ಇದಕ್ಕೆ ತಾತ್ಕಾಲಿಕ ವಿನಾಯಿತಿ ಕೊಡಲು ಹೊಸ ಕಾನೂನೇ ಮಾಡಬೇಕಾಯಿತು. ಹಾಗಾಗಿ ಹೊತ್ತು ಸಾಲದಿದ್ದರೆ ಕತ್ತರಿ ಬೀಳುವುದು ಅಲಾಸ್ಕಾದ ಊರಿಗೆ.

ಇದೇ ನಿಲ್ದಾಣಕ್ಕಾಗಿ ಅಪ್ಪ ಅಮ್ಮನಿಗೆ ಕೆನಡಾ ವೀಸಾ ಮಾಡಿಸಿದ್ದೆ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಅಮೆರಿಕದ ವೀಸಾ ಇದ್ದರೂ ಇದು ಬೇಕು. ಬೆರಳಚ್ಚು ಸೇರಿ ಒಬ್ಬರಿಗೆ 185 ಕೆನಡಾ ಡಾಲರ್, ಇಬ್ಬರಿಗೆ 370. ಏಳೂವರೆಗೆ ಮುಟ್ಟಬೇಕಿದ್ದ ಹಡಗು ಕಟ್ಟೆಗೆ ಬಂದಾಗ ಒಂಬತ್ತು ದಾಟಿತ್ತು. ಕಪ್ಪು ಕತ್ತಲೆ. ಅಮ್ಮನ ಕಾಲು ನೋವಿತ್ತು, ಬೇಡ ಬಿಡು ಅಂದೆ. ‘ಇಷ್ಟು ದುಡ್ಡು ಕೊಟ್ಟಿದೀಯ, ಇಳಿಯದೆ ಇರಕ್ಕಾಗುತ್ತಾ?’ ಅಂದರು. ಟ್ಯಾಕ್ಸಿ ಹಿಡಿದು ಒಳಬಂದರಿಗೆ ಹೋದೆವು. ಅಲ್ಲಿನ ಶಾಸನಸಭೆ ಕಟ್ಟಡದ ಅಂಚಿಗೆಲ್ಲ ಸಾಲು ಬಲ್ಬು ಹಚ್ಚಿದ್ದರು, ಥೇಟ್ ಮೈಸೂರು ಅರಮನೆ. ಅಮ್ಮ ಕಾಲುನೋವು ಮರೆತು ಮುಕ್ಕಾಲು ಗಂಟೆ ಅಲ್ಲೇ ನಿಂತರು. ಹಗಲು ಬಂದಿದ್ದರೆ ಈ ದೀಪ ಕಾಣುತ್ತಿರಲಿಲ್ಲ ಎಂದು ಹೇಳಿದ್ದೂ ಅವರೇ.

ಸೆಪ್ಟೆಂಬರ್‌ನಲ್ಲಿ ಇಬ್ಬರೂ ಊರಿಗೆ ಹೋದರು. ಸ್ಕ್ಯಾಗ್ವೇ ಬಂದರಿನ ಕ್ಯಾಮೆರಾ ಫೋನಿನಲ್ಲಿ ನೋಡುವುದು ಹೇಗೆ ಎಂದು ಹೊರಡುವ ಮುಂಚೆ ಅಪ್ಪ ನನ್ನಿಂದ ಕಲಿತುಕೊಂಡಿದ್ದರು. ಹೋದ ಮೊದಲ ವಾರ ಫೋನ್ ಮಾಡಿದಾಗ, ಊಟ ಆಯ್ತಾ ಅಂತಲೂ ಕೇಳದೆ, ‘ನಿನ್ನೆ ಅಲ್ಲಿ ಮೂರು ಹಡಗು ನಿಂತಿದ್ವು ಕಣೋ, ಗಾಳಿ ಇರಲಿಲ್ಲ’ ಅಂದರು.