ಕೆಂಪುಕಲ್ಲಿನ ಮನೆ ಕಟ್ಟಿಸ್ತೀರಾ? ಲೋಡು ಇಳಿಸುವ ಮೊದಲು ಇಷ್ಟು ನೋಡಿ

ಕರಾವಳಿಯಲ್ಲಿ ಗೋಡೆಗೆ ಕೆಂಪುಕಲ್ಲಿಗಿಂತ (ಲ್ಯಾಟರೈಟ್) ಒಳ್ಳೆಯ ಸಾಮಾನು ನನಗಂತೂ ಕಂಡಿಲ್ಲ. ಆದರೆ ಲಾರಿಯವನು ತಂದು ಸುರಿದದ್ದನ್ನೆಲ್ಲ ಗೋಡೆಗೆ ಏರಿಸಿದರೆ ಕೆಟ್ಟಿರಿ.

ಇಟ್ಟಿಗೆ ಸುಡಬೇಕು, ಅದಕ್ಕೆ ಸೌದೆ ಬೇಕು. ಸಿಮೆಂಟಿಗೆ ಸುಣ್ಣದಕಲ್ಲನ್ನೇ ಸುಡಬೇಕು. ಕೆಂಪುಕಲ್ಲಿಗೆ ಕೊಯ್ಯುವ ಮಿಷನ್ನು, ಸಾಗಿಸುವ ಲಾರಿ, ಇಷ್ಟೇ. ಹಾಗಾಗಿ ಪರಿಸರದ ಲೆಕ್ಕ ನೋಡುವವರು ಮೊದಲು ಕೇಳಬೇಕಾದ್ದು ಕೋರೆ ಎಷ್ಟು ದೂರ ಅಂತ. ಕುಂದಾಪುರ, ಪುತ್ತೂರು, ಕುಮಟಾದವರಿಗೆ ಇದು ಮನೆ ಹಿಂದಿನ ಕಲ್ಲು. ಬೆಂಗಳೂರಿನವರು ಇದನ್ನು ಘಾಟಿ ಹತ್ತಿಸಿ ತರಿಸಿ, ತೆಳ್ಳಗೆ ಸೀಳಿ ಕಾಂಕ್ರೀಟ್ ಗೋಡೆಗೆ ಅಂಟಿಸುವುದು ಬರೀ ಶೋಕಿ. ಅಲ್ಲಿಗೆ ಸುತ್ತಮುತ್ತ ಸಿಗುವ, ಅಳತೆಗೆ ಒಡೆದ ಸೈಜುಗಲ್ಲೇ ಸರಿ, ಕಲಬುರಗಿ ಕಡೆಯ ನೆಲಕ್ಕೆ ಶಹಾಬಾದ್ ಕಲ್ಲು.

ಕಲ್ಲು ಆರಿಸುವುದಕ್ಕೆ ಕೋರೆಗೇ ಹೋಗಿ. ಕಡುಕೆಂಪು ಅಥವಾ ಕಂದು ಬಣ್ಣದ್ದು ಸಾಮಾನ್ಯವಾಗಿ ಗಟ್ಟಿ. ಹಳದಿ ತಿರುಗಿದ್ದು, ತೂತಿನೊಳಗೆ ಬಿಳಿ ಜೇಡಿ ತುಂಬಿಕೊಂಡದ್ದು ಬೇಡ, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಆ ಜೇಡಿ ತೊಳೆದುಹೋಗಿ ಗೋಡೆಯಲ್ಲಿ ಗುಳಿ ಬೀಳುತ್ತದೆ. ಕೋರೆ ಆಳಕ್ಕೆ ಹೋದಷ್ಟೂ ಕೆಂಪುಕಲ್ಲಿನ ಅಡಿಯಲ್ಲಿರುವ ಮೆತ್ತನೆಯ ಶೇಡಿಮಣ್ಣು ಹತ್ತಿರವಾಗುತ್ತದೆ, ಕಲ್ಲು ಮೆತ್ತಗಾಗುತ್ತದೆ, ಅದನ್ನೂ ಮೇಲಿನ ಕಲ್ಲಿನ ಜೊತೆ ಸೇರಿಸಿ ಲೋಡು ಮಾಡುವವರು ಇದ್ದಾರೆ. ಸುತ್ತಿಗೆಯಿಂದ ಮೆಲ್ಲಗೆ ಬಡಿದು ನೋಡಿ, ಗಟ್ಟಿ ಕಲ್ಲು ಟಣ್ ಅನ್ನುತ್ತದೆ, ಮೆತ್ತನೆಯದು ಡಬ್ ಅನ್ನುತ್ತದೆ.

ಇನ್ನೂ ಅನುಮಾನವಾ? ತಕ್ಕಡಿ ಇದ್ದರೆ ಸಾಕು. ಚೆನ್ನಾಗಿ ಒಣಗಿದ ಒಂದು ಕಲ್ಲು ತೂಗಿ, 24 ಗಂಟೆ ನೀರಲ್ಲಿ ಮುಳುಗಿಸಿಟ್ಟು, ಹೊರಗೆ ತೆಗೆದು ಮೈ ಒರೆಸಿ ಮತ್ತೆ ತೂಗಿ. 25 ಕೆ.ಜಿ. ಇದ್ದದ್ದು 28 ಕೆ.ಜಿ. ದಾಟಬಾರದು. ಅಂದರೆ ಶೇ. 12. ಭಾರತೀಯ ಮಾನಕ ಐಎಸ್ 3620 ಹೇಳುವ ಮಿತಿಯೂ ಅದೇ. ಒಂದೇ ಕಲ್ಲಿಗೆ ನಿಲ್ಲಿಸಬೇಡಿ, ಲೋಡಿನ ಬೇರೆ ಬೇರೆ ಕಡೆಯಿಂದ ನಾಲ್ಕೈದು ತೆಗೆದು ನೋಡಿ.

ಹಸಿ ಕಲ್ಲು ತಕ್ಷಣ ಕಟ್ಟಬೇಡಿ. ಕೊಯ್ದಾಗ ಕತ್ತಿಗೂ ಬಗ್ಗುವ ಕಲ್ಲು ಇದು, ಗಾಳಿಬಿಸಿಲು ತಾಗಿದ ಮೇಲೇ ಗಟ್ಟಿಯಾಗುವುದು. ಬ್ರಿಟಿಷರ ಕಾಲದಲ್ಲಿ ಈ ಕಡೆಯೆಲ್ಲ ಸರ್ವೆ ಮಾಡುತ್ತ ತಿರುಗಿದ ಫ್ರಾನ್ಸಿಸ್ ಬುಕಾನನ್ ಮಲಬಾರಿನಲ್ಲಿ ಕಂಡು 1807ರಲ್ಲಿ ಬರೆದದ್ದೂ ಇದನ್ನೇ. ಬೇಸಿಗೆಯಲ್ಲಿ ತರಿಸಿ, ನಡುವೆ ಗಾಳಿ ಆಡುವ ಹಾಗೆ ಸಡಿಲವಾಗಿ ಪೇರಿಸಿ ಕೆಲವು ವಾರ ಬಿಡಿ. ಮೇಸ್ತ್ರಿ ಅವಸರ ಮಾಡ್ತಾನೆ, ಮಾಡಲಿ.

ಪರ್ಮಿಟ್ ಇರುವ ಕಲ್ಲೇ ತಗೊಳ್ಳಿ, ಬಿಲ್ ಕೇಳಿ. 2025ರಲ್ಲಿ ದಕ್ಷಿಣ ಕನ್ನಡದಲ್ಲಿ ಅಕ್ರಮ ಕೋರೆಗಳ ಮೇಲೆ ಬಿಗಿ ಮಾಡಿದಾಗ ಕಲ್ಲೇ ಸಿಗದೆ ಎಷ್ಟೋ ಮನೆ ಕೆಲಸ ಅರ್ಧಕ್ಕೆ ನಿಂತಿತ್ತು. ಕಲ್ಲು ತೆಗೆದ ಗುಂಡಿಯನ್ನು ಮುಚ್ಚುತ್ತಾರಾ ಅಂತಲೂ ಕೇಳಿ. ಮಳೆನೀರು ತುಂಬಿ ಬಾಯಿ ತೆರೆದುಕೊಂಡಿರುವ ಕೋರೆ ಪಕ್ಕದ ಮನೆಯ ಮಕ್ಕಳಿಗೆ ಅಪಾಯ, ಅಂಥ ಕೋರೆಯ ಕಲ್ಲನ್ನು ಪರಿಸರಸ್ನೇಹಿ ಅನ್ನಲು ನನಗೆ ನಾಲಿಗೆ ಬರುವುದಿಲ್ಲ.

ಇನ್ನು ಕಟ್ಟುವ ಕೆಲಸ. ಪಂಚಾಂಗಕ್ಕೆ, ಅಂದರೆ ಅಡಿಪಾಯಕ್ಕೆ, ಕರಿಕಲ್ಲು, ಅದರ ಮೇಲೆ ಕೆಂಪುಕಲ್ಲು, ನಡುವೆ ತೇವ ಮೇಲೇರದ ಪದರ ಹಾಕಿಸಿ. ಕಟ್ಟುವ ಮುಂಚೆ ಕಲ್ಲಿಗೆ ನೀರು ಚಿಮುಕಿಸಿ, ಇಲ್ಲದಿದ್ದರೆ ಗಾರೆಯ ನೀರನ್ನೆಲ್ಲ ಕಲ್ಲೇ ಕುಡಿಯುತ್ತದೆ. ಸಂದಿನ ಮೇಲೆ ಸಂದು ಬರಕೂಡದು. ಗಾರೆಗೆ ಸಿಮೆಂಟು ಜಾಸ್ತಿ ಹಾಕಿದರೆ ಗೋಡೆ ಭದ್ರ ಅನ್ನುವುದು ಸುಮ್ನೆ ಮಾತು. ಸುಣ್ಣ ಬೆರೆಸಿದ ಗಾರೆ ಕಲ್ಲಿಗಿಂತ ಮೆತ್ತಗಿರುತ್ತದೆ, ಮುಂದೆ ಗೋಡೆ ಬಿಚ್ಚಿದರೂ ಕಲ್ಲು ಒಡೆಯದೆ ಇನ್ನೊಂದು ಕಟ್ಟಡಕ್ಕೆ ಬರುತ್ತದೆ. ಹಳೇ ಮನೆ ಕೆಡವಿದ ಕಲ್ಲು ಸಿಕ್ಕರೆ ಬಿಡಬೇಡಿ.

ಹೊರಗೆ ಗಿಲಾವು ಬೇಡ ಅಂದರೆ ಮಾಡಿನ ಸೂರು ಎರಡೂವರೆ ಮೂರು ಅಡಿ ಮುಂದೆ ಬರಲೇಬೇಕು, ಅದರಲ್ಲೂ ಪಡುವಣ ಗೋಡೆಗೆ. ವಾರ್ನಿಷ್ ಹೊಡೆಸಬೇಡಿ, ಒಳಗಿನ ತೇವ ಹೊರಬರಲಾಗದೆ ಅದು ಸಿಪ್ಪೆ ಏಳುತ್ತದೆ.

ಕರೆಂಟಿನ ಪೈಪು, ನೀರಿನ ಪೈಪು ಎಲ್ಲಿ ಹೋಗಬೇಕು ಅಂತ ಗೋಡೆ ಏಳುವ ಮೊದಲೇ ಗೆರೆ ಹಾಕಿ ಕೊಡಿ. ಆಮೇಲೆ ಕೆಂಪುಕಲ್ಲಿನಲ್ಲಿ ಪೈಪು ಕೂರಿಸಲು ಕಾಡಿ (ಉದ್ದ ಸೀಳು) ಹೊಡೆಯಲು ಹೋದರೆ ಅಂಚು ಉದುರುತ್ತದೆ, ಅದನ್ನು ಮುಚ್ಚಲು ಕೊನೆಗೆ ಸಿಮೆಂಟೇ ಮೆತ್ತಬೇಕಾಗುತ್ತದೆ.