ಗ್ರೀಕ್–ಪರ್ಷಿಯನ್ ಯುದ್ಧಗಳನ್ನು ಓದುವ ಬಗೆ

ಗ್ರೀಕರಿಗೂ ಪರ್ಷಿಯನ್ನರಿಗೂ ನಡೆದ ಯುದ್ಧಗಳನ್ನು ಹೊಸದಾಗಿ ಓದುವವರು ಪುಸ್ತಕ ತೆರೆಯುವ ಮೊದಲು ನಕ್ಷೆಯನ್ನು ಬಿಡಿಸಿಕೊಳ್ಳಬೇಕು. ಏಜಿಯನ್ ಸಮುದ್ರದ ಪೂರ್ವಕ್ಕೆ ಮಿಲೆಟಸ್ ಮತ್ತು ಸಾರ್ಡಿಸ್, ಪಶ್ಚಿಮಕ್ಕೆ ಅಥೆನ್ಸ್, ಮ್ಯಾರಥಾನ್, ಥರ್ಮೊಪೈಲೆ, ಸಲಾಮಿಸ್ ಮತ್ತು ಪ್ಲಾಟಿಯಾಗಳನ್ನು ಪೆನ್ಸಿಲಿನಿಂದ ಗುರುತು ಮಾಡಿಕೊಳ್ಳಿ. ಮ್ಯಾರಥಾನಿನಿಂದ ಅಥೆನ್ಸಿಗೆ ಸುಮಾರು 40 ಕಿಲೋಮೀಟರ್, ಅಂದರೆ ಹೆಚ್ಚುಕಡಿಮೆ ಮೆಜೆಸ್ಟಿಕ್‌ನಿಂದ ದೇವನಹಳ್ಳಿಯಷ್ಟು ದೂರ. ಯುದ್ಧ ಮುಗಿಸಿದ ಅಥೆನ್ಸಿನ ಸೈನಿಕರು, ಶತ್ರುವಿನ ಹಡಗುಗಳು ತಮ್ಮ ಊರನ್ನು ತಲುಪುವ ಮುನ್ನವೇ ಅಷ್ಟು ದಾರಿಯನ್ನು ಅವಸರದಿಂದ ನಡೆದು ಹಿಂದಿರುಗಿದರೆಂದು ಓದುವಾಗ ಈ ಅಳತೆ ನೆನಪಿನಲ್ಲಿರಲಿ.

ಕಾಲಾನುಕ್ರಮಕ್ಕೆ ನಾಲ್ಕು ಇಸವಿಗಳು ಸಾಕು: ಏಜಿಯನ್ನಿನ ಪೂರ್ವ ಕರಾವಳಿಯ ಅಯೋನಿಯಾದಲ್ಲಿದ್ದ ಗ್ರೀಕ್ ನಗರಗಳು ಪರ್ಷಿಯನ್ನರ ವಿರುದ್ಧ ದಂಗೆಯೆದ್ದ ಕ್ರಿ.ಪೂ. 499, ಪರ್ಷಿಯಾದ ದೊರೆ ಡೇರಿಯಸ್‌ನ ಸೇನೆ ಮ್ಯಾರಥಾನಿನಲ್ಲಿ ಸೋತ 490, ಅವನ ಮಗ ಕ್ಸರ್ಕ್ಸಿಸ್ ದಂಡೆತ್ತಿ ಬಂದ 480, ಪ್ಲಾಟಿಯಾ ಕದನದ 479. ಕಾಲ ಮುಂದೆ ಸಾಗಿದಂತೆ ಅಂಕಿ ಇಳಿಯುವುದರಿಂದ ಶಾಲಾಮಕ್ಕಳು ಇಲ್ಲಿ ಎಡವುತ್ತಾರೆ. ಅವರಿಂದ ಒಂದು ಕಾಲರೇಖೆಯನ್ನು ಬರೆಸುವುದು ಒಳ್ಳೆಯದು.

ಆನಂತರ ಈ ಯುದ್ಧಗಳ ಕಥೆಯನ್ನು ಬರೆದ ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೋಟಸ್‌ನನ್ನು ಓದಿ, ಆದರೆ ಅವನು ಕೊಡುವ ಸಂಖ್ಯೆಗಳನ್ನು ಪರೀಕ್ಷಿಸದೆ ಒಪ್ಪಬೇಡಿ. ಕ್ಸರ್ಕ್ಸಿಸ್‌ನ ಕಾಲಾಳುಗಳೇ 17 ಲಕ್ಷವಿದ್ದರೆಂದು ಅವನು ಬರೆಯುತ್ತಾನೆ. ಅಷ್ಟು ಜನರನ್ನು ಸಾಲಿಗೆ ನಾಲ್ವರಂತೆ, ಸಾಲುಗಳ ನಡುವೆ ಒಂದೇ ಮೀಟರ್ ಬಿಟ್ಟು ನಿಲ್ಲಿಸಿದರೂ ಆ ಮೆರವಣಿಗೆ 425 ಕಿಲೋಮೀಟರ್ ಉದ್ದವಾಗುತ್ತದೆ. ತಲೆ ಬೆಂಗಳೂರಿನಲ್ಲಿದ್ದರೆ ಬಾಲ ಹುಬ್ಬಳ್ಳಿಯಲ್ಲಿರುತ್ತದೆ. ಇಷ್ಟು ಮಂದಿಗೆ ದಿನವೂ ನೀರು, ದವಸ ಒದಗಿಸುವ ಬಗೆಯನ್ನು ಯೋಚಿಸಿದರೆ ಇಂದಿನ ಇತಿಹಾಸಕಾರರು ಈ ಅಂಕಿಯನ್ನು ಏಕೆ ಒಪ್ಪುವುದಿಲ್ಲವೆಂಬುದು ತಾನಾಗಿ ತಿಳಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ಇದನ್ನು ಪೂರ್ವಕ್ಕೂ ಪಶ್ಚಿಮಕ್ಕೂ ನಡೆದ ಹೋರಾಟವೆಂದು ಮೊದಲೇ ತೀರ್ಮಾನಿಸಿಕೊಂಡು ಓದಬಾರದು. ನನ್ನ ದೃಷ್ಟಿಯಲ್ಲಿ ಆ ತೀರ್ಮಾನವೇ ಓದನ್ನು ಕೆಡಿಸುತ್ತದೆ. ಗ್ರೀಕರದೇ ಆದ ಥೀಬ್ಸ್ ನಗರ ಪ್ಲಾಟಿಯಾದಲ್ಲಿ ಪರ್ಷಿಯನ್ನರ ಪಕ್ಷದಲ್ಲಿ ಕಾದಿತು. ಹೆರೊಡೋಟಸ್ ಹುಟ್ಟಿದ ಹ್ಯಾಲಿಕಾರ್ನಾಸಸ್‌ನ ರಾಣಿ ಆರ್ಟೆಮಿಸಿಯಾ ಸಲಾಮಿಸ್‌ನಲ್ಲಿ ಕ್ಸರ್ಕ್ಸಿಸ್‌ನ ಪರವಾಗಿ ಹಡಗುಗಳನ್ನು ನಡೆಸಿದಳು. ಈ ಯುದ್ಧಗಳನ್ನು ಪರ್ಷಿಯನ್ನರೇ ನಿರೂಪಿಸಿದ ಬರಹ ಯಾವುದೂ ಉಳಿದಿಲ್ಲವಾದ್ದರಿಂದ, ಡೇರಿಯಸ್ ಮೂರು ಭಾಷೆಗಳಲ್ಲಿ ಕೆತ್ತಿಸಿದ ಬೆಹಿಸ್ತೂನ್ ಬಂಡೆ ಶಾಸನದ ಅನುವಾದವನ್ನು ಪಕ್ಕದಲ್ಲಿಟ್ಟುಕೊಳ್ಳಿ. ಯುದ್ಧದ ವಿವರ ಅದರಲ್ಲಿ ದೊರೆಯದಿದ್ದರೂ, ಆ ದೊರೆ ತನ್ನ ಅಧಿಕಾರವನ್ನು ಹೇಗೆ ಕಂಡಿದ್ದನೆಂಬುದು ಅವನ ಮಾತಿನಲ್ಲೇ ದೊರೆಯುತ್ತದೆ. ಡೇರಿಯಸ್‌ನ ಶಾಸನಗಳು ಗ್ರೀಕರನ್ನು ‘ಯೌನ’ ಎಂದು ಕರೆಯುತ್ತವೆ. ನಮ್ಮ ‘ಯವನ’ವೂ ಅಯೋನಿಯಾದ ಹೆಸರಿಗೇ ಸೇರಿದ ಪದ.

ಕನ್ನಡದ ಓದುಗರು ಹೆರೊಡೋಟಸ್‌ನ ಏಳನೆಯ ಭಾಗದಲ್ಲಿರುವ ಸೈನ್ಯದ ಪಟ್ಟಿಯನ್ನು ದಾಟಿಸಿ ಹೋಗಬಾರದು. ಹತ್ತಿಯ ಬಟ್ಟೆ ತೊಟ್ಟು, ಬೆತ್ತದ ಬಿಲ್ಲನ್ನೂ ಕಬ್ಬಿಣದ ಮೊನೆಯ ಬಾಣಗಳನ್ನೂ ಹಿಡಿದ ಭಾರತೀಯರು ಅಲ್ಲಿ ಬರುತ್ತಾರೆ. ಒಂಬತ್ತನೆಯ ಭಾಗದಲ್ಲಿ ಪ್ಲಾಟಿಯಾದ ಸೇನಾವ್ಯೂಹವನ್ನು ವಿವರಿಸುವಾಗಲೂ ಅವರ ಹೆಸರಿದೆ. ನಿಮ್ಮ ನಕ್ಷೆಯಲ್ಲಿ ಪ್ಲಾಟಿಯಾದ ಪಕ್ಕ ಅದನ್ನೂ ಬರೆದುಕೊಳ್ಳಿ.