ಬೋರ್ ನೀರಿಗೆ ನೊರೆ ಬರುತ್ತಾ?

ಬೆಂಗಳೂರಿನ ವಿಜಯನಗರದಲ್ಲಿ ಕೈಯಿಂದ ಸೋಪು ಮಾಡಿ ಆನ್‌ಲೈನ್‌ನಲ್ಲಿ ಮಾರುತ್ತೇನೆ. ಕೊಬ್ಬರಿ ಎಣ್ಣೆ, ಹರಳೆಣ್ಣೆ, ಅಕ್ಕಿ ತೌಡಿನ ಎಣ್ಣೆ. ಬಣ್ಣಕ್ಕೆ ಅರಿಸಿನ, ಪರಿಮಳಕ್ಕೆ ಲಾವಂಚ. ಇನ್‌ಸ್ಟಾಗ್ರಾಂ ನೋಡಿ ಅಂಗಡಿಯ ಪುಟಕ್ಕೆ ಬರುವವರಿಗೆ ಬರ ಇರಲಿಲ್ಲ. ಬಂದವರು ಕೊಳ್ಳಬೇಕಲ್ಲ? ಜಾಹೀರಾತಿಗೆ ದುಡ್ಡು ಸುರಿದರೆ ನೋಡುವವರು ಹೆಚ್ಚುತ್ತಾರೆ, ಅಷ್ಟೆ. ನನ್ನ ವ್ಯಾಪಾರ ಕುದುರಿದ್ದು ಜನ ವಾಟ್ಸಾಪ್‌ನಲ್ಲಿ ಕೇಳುತ್ತಿದ್ದ ಪ್ರಶ್ನೆಗಳಿಂದ. ಅವನ್ನು ಅವರ ಮಾತಿನಲ್ಲೇ ಒಂದು ನೋಟ್‌ಬುಕ್ಕಿಗೆ ಇಳಿಸುತ್ತಾ ಹೋದೆ.

ಎಲ್ಲಕ್ಕಿಂತ ಹೆಚ್ಚು ಸಲ ಬಂದದ್ದು ಇದು: "ಅಕ್ಕಾ, ನಮ್ಮದು ಬೋರ್ ನೀರು. ನೊರೆ ಬರುತ್ತಾ?"

ಈ ಊರಿನವರಿಗೆ ಮಾತ್ರ ಹೊಳೆಯುವ ಪ್ರಶ್ನೆ ಅನ್ನಿಸಿತು. ಕಾವೇರಿ ನೀರು ಬರುವ ಮನೆಯಲ್ಲಿ ಚೆನ್ನಾಗಿ ನೊರೆ ಕೊಡುವ ಸೋಪು ಬೋರ್ ಅಥವಾ ಟ್ಯಾಂಕರ್ ನೀರಿನಲ್ಲಿ ಸೋಲುತ್ತದೆ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಬಿಳಿ ಕಸರಾಗಿ ಬಕೆಟ್ಟಿಗೆ, ಟೈಲ್ಸಿಗೆ ಅಂಟುತ್ತವೆ. ಅದನ್ನು ತಡೆಯಲು ಕಾರ್ಖಾನೆಯ ಸೋಪುಗಳಲ್ಲಿ ಹೆಚ್ಚಾಗಿ ಇಡಿಟಿಎ ಎಂಬ ರಾಸಾಯನಿಕ ಹಾಕಿರುತ್ತಾರೆ. ನಾನು ಸಿಟ್ರಿಕ್ ಆಸಿಡ್ ಬಳಸುತ್ತೇನೆ. ಎಣ್ಣೆಯನ್ನು ಸೋಪಾಗಿಸುವ ಕಾಸ್ಟಿಕ್ ಸೋಡಾ ಜೊತೆ ಸೇರಿ ಅದು ಸೋಡಿಯಂ ಸಿಟ್ರೇಟ್ ಆಗುತ್ತದೆ, ಕಸರು ಕಡಿಮೆಯಾಗುತ್ತದೆ. ಆದರೆ 10 ಗ್ರಾಂ ಸಿಟ್ರಿಕ್ ಆಸಿಡ್ ಸುಮಾರು 6 ಗ್ರಾಂ ಕಾಸ್ಟಿಕ್ ನುಂಗಿಬಿಡುತ್ತದೆ, ಅಷ್ಟನ್ನು ಲೆಕ್ಕದಲ್ಲಿ ಹೆಚ್ಚಿಗೆ ಸೇರಿಸಲೇಬೇಕು. ಇಲ್ಲದಿದ್ದರೆ ಸೋಪು ಮೆತ್ತಗಾಗುತ್ತದೆ.

ಆಮೇಲೆ ಕಾವೇರಿ ನೀರು, ಬೋರ್ ನೀರು ಎರಡರಲ್ಲೂ ಕೈ ತೊಳೆದು ಸಣ್ಣ ವಿಡಿಯೊ ಮಾಡಿದೆ. ಬೋರ್ ನೀರಿನಲ್ಲಿ ನೊರೆ ಕಡಿಮೆ ಎಂಬುದು ಅದರಲ್ಲಿ ಕಾಣುತ್ತದೆ, ಕಾಣಲಿ. ಆ ವಿಡಿಯೊವನ್ನು ಬೆಲೆಯ ಕೆಳಗೇ ಹಾಕಿದೆ. ಕೊಂಡವರು ಅಭಿಪ್ರಾಯ ಬರೆಯುವಾಗ ಯಾವ ಏರಿಯಾ, ಯಾವ ನೀರು ಅಂತಲೂ ಬರೆಯಲು ಕೇಳಿಕೊಂಡೆ. ಯಲಹಂಕದವರು ಬರೆದದ್ದನ್ನು ಯಲಹಂಕದವರು ನಂಬುತ್ತಾರೆ. ಮೊದಲು ಪ್ರಶ್ನೆ ಕೇಳಿ ಸುಮ್ಮನಾಗುತ್ತಿದ್ದಂಥವರು ಈಗ ಕೇಳದೆಯೇ ಆರ್ಡರ್ ಹಾಕುತ್ತಾರೆ.

ಪರಿಮಳದ್ದು ಇನ್ನೊಂದು ಕಷ್ಟ. ಫೋನಿನಲ್ಲಿ ಮೂಸಿ ನೋಡಲಾಗುವುದಿಲ್ಲ. "ತಾಜಾ, ಮನಮೋಹಕ" ಎಂದು ಬರೆದರೆ ಯಾರ ಮೂಗಿಗೂ ಏನೂ ತಲುಪುವುದಿಲ್ಲ. ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಈ ಊರಿನಲ್ಲಿ ಸರ್ಕಾರಿ ಕಾರ್ಖಾನೆಯ ಗಂಧದ ಸೋಪು ಇದೆ, ಅದರ ವಾಸನೆ ಗೊತ್ತಿಲ್ಲದ ಮನೆಯಿಲ್ಲ. ಹಾಗಾಗಿ ಹೀಗೆ ಬರೆದೆ: "ಬೇಸಿಗೆಯಲ್ಲಿ ಮಡಕೆ ನೀರಿಗೆ ಹಾಕುವ ಲಾವಂಚದ ವಾಸನೆ. ಮೈಸೂರ್ ಸ್ಯಾಂಡಲ್‌ನಷ್ಟು ಗಾಢವಲ್ಲ, ಸ್ನಾನವಾದ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ." ಇನ್ನೂ ಅನುಮಾನ ಇರುವವರಿಗೆ 25 ಗ್ರಾಮಿನ ತುಂಡುಗಳಿವೆ.

"ಮೊಡವೆ ಹೋಗುತ್ತಾ ಮೇಡಂ?" ಎಂದು ಕೇಳಿದರೆ ಹೋಗುತ್ತದೆ ಅನ್ನುವುದಿಲ್ಲ. ಸೋಪು ಮೈ ತೊಳೆಯುವುದಕ್ಕೆ. ಕಾಯಿಲೆ ವಾಸಿ ಮಾಡುತ್ತದೆಂದು ಮಾರಿದರೆ 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿ ಕಾಯ್ದೆಯ ಕಣ್ಣಿಗೆ ಅದು ಔಷಧವಾಗುತ್ತದೆ. "ಕೆಮಿಕಲ್ ಇಲ್ಲ ತಾನೆ?" ಎಂಬುದಕ್ಕೂ ನೇರ ಉತ್ತರ: ಕಾಸ್ಟಿಕ್ ಇಲ್ಲದೆ ಸೋಪೇ ಇಲ್ಲ, ಎಣ್ಣೆ ಸ್ವಲ್ಪ ಹೆಚ್ಚಿಟ್ಟು ಮಾಡಿ, ನಾಲ್ಕರಿಂದ ಆರು ವಾರ ಒಣಗಿಸುತ್ತೇವೆ, ಕಾಸ್ಟಿಕ್ ಪೂರ್ತಿ ಸೋಪಾಗಿರುತ್ತದೆ. ಇದನ್ನು ಓದಿ ಕೆಲವರು ಹೊರಟುಹೋಗುತ್ತಾರೆ. ಉಳಿದವರು ಮತ್ತೆ ಮತ್ತೆ ಕೊಳ್ಳುತ್ತಾರೆ, ನನಗೆ ಬೇಕಾದ್ದೂ ಅವರೇ.

ಉಳಿದದ್ದೆಲ್ಲ ಸಣ್ಣಪುಟ್ಟದ್ದು. ಅಳತೆ ತಿಳಿಯಲೆಂದು ಸೋಪನ್ನು ಅಂಗೈಯಲ್ಲಿಟ್ಟು ತೆಗೆದ ಫೋಟೊ. ಲೇಬಲ್ಲಿನ ಹಿಂಬದಿಯ ಫೋಟೊ: ಪರವಾನಗಿ ಸಂಖ್ಯೆ, ಬ್ಯಾಚ್, ತಯಾರಾದ ತಿಂಗಳು, ತೂಕ, ಎಂಆರ್‌ಪಿ ಎಲ್ಲ ಓದಲು ಬರುವಂತೆ. ಕೊರಿಯರ್ ಖರ್ಚನ್ನು ಕೊನೆಗೆ ತೋರಿಸಿದರೆ ಜನ ಅಲ್ಲೇ ಬಿಟ್ಟು ಹೋಗುತ್ತಾರೆ, ಅದಕ್ಕೆ ಮೊದಲೇ ಬೆಲೆಯೊಳಗೆ ಸೇರಿಸಿದ್ದೇನೆ. ಕ್ಯಾಶ್ ಆನ್ ಡೆಲಿವರಿ ಆರ್ಡರ್ ಬಂದರೆ ಕಳಿಸುವ ಮುಂಚೆ ಫೋನ್ ಮಾಡುತ್ತೇನೆ. ಪಾರ್ಸೆಲ್ ವಾಪಸ್ ಬಂದರೆ ಎರಡೂ ಕಡೆಯ ಖರ್ಚು ನಮ್ಮದೇ.

ಕಾರ್ಟಿಗೆ ಹಾಕಿ ಬಿಟ್ಟವರಿಗೆ ಡಿಸ್ಕೌಂಟ್ ಆಸೆ ತೋರಿಸುವುದು ನನಗೆ ಹಿಡಿಸುವುದಿಲ್ಲ. ಪೂರ್ತಿ ಬೆಲೆ ಕೊಟ್ಟು ಕೊಂಡವರಿಗೆ ಅದು ಅನ್ಯಾಯ. "ಏನಾದರೂ ಕೇಳುವುದಿತ್ತಾ?" ಎಂದು ಒಂದು ಸಂದೇಶ ಕಳಿಸುತ್ತೇನೆ. ಉತ್ತರ ಬಂದರೆ ಮಾತಾಡುತ್ತೇನೆ, ಬರದಿದ್ದರೆ ಎರಡನೆಯದು ಕಳಿಸುವುದಿಲ್ಲ.